ಮೂರನೇ ನಲ್ಲಿ

ಲಗ್ಗೆರೆ ಹಾಸ್ಟೆಲ್ಲಿನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ
ಐದು ನಲ್ಲಿ. ಮೂರನೆಯದು ಕಚ್ಚುತ್ತದೆ.
ಮೊದಲು ಹೇಳಿದವಳು ಹುಲಿಗೆಮ್ಮ:
'ಇರುವಿ ಹರದಂಗಾತು, ಮೊಣಕೈ ತನಕ.'
ಒಬ್ಬೊಬ್ಬರೇ ಮುಟ್ಟಿದೆವು, ಕಿರುಚಿದೆವು, ನಕ್ಕೆವು,
ಇನ್ನೊಮ್ಮೆ ಮುಟ್ಟಿದೆವು.
ನಕ್ಕದ್ದೇ ತಪ್ಪಾಯಿತು.

ಆ ನಗು ಕೇಳಿ ವಾರ್ಡನ್ ಮೇಡಂ ಇಳಿದು ಬಂದರು.
ರಬ್ಬರ್ ಅಟ್ಟೆಯ ಚಪ್ಪಲಿ, ಒಣಗಿದ ಕೈ.
ನಲ್ಲಿ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು.
'ಎಲ್ಲಿದೆ ಕರೆಂಟು?'
ನಿಜಕ್ಕೂ ಇರಲಿಲ್ಲ, ಅವರಿಗೆ.
'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೋಡಿದೆ.
ಪರೀಕ್ಷೆ ಹತ್ತಿರ ಬಂದರೆ
ನಿಮಗೆ ನಲ್ಲಿಯೂ ಕಚ್ಚುತ್ತೆ, ಬೆಂಚೂ ಕಚ್ಚುತ್ತೆ.'

ಹೋದ ವರ್ಷ ಸಾಂಬಾರಿನ ಹುಳ ಜೀರಿಗೆಯಾಗಿತ್ತು.
ಮೆಹಜಬೀನಳ ಹೊಟ್ಟೆನೋವು ನಾಟಕವಾಗಿತ್ತು,
ಅಪೆಂಡಿಕ್ಸ್ ಒಡೆಯುವ ತನಕ.
ಅವಳ ಹೊಟ್ಟೆಯ ಮೇಲಿನ ಹೊಲಿಗೆಯ ಗೆರೆಯನ್ನು
ನಾವು ಸರ್ಟಿಫಿಕೇಟು ಅನ್ನುತ್ತೇವೆ.

ಅರ್ಜಿ ಬರೆದೆವು. ಕ್ಲಾಸಿನಲ್ಲಿ ಕಲಿಸಿದ ಹಾಗೇ
'ಇಂದ', 'ಗೆ', 'ಮಾನ್ಯರೇ', 'ವಿಷಯ',
ಕೊನೆಗೆ 'ತಮ್ಮ ವಿಧೇಯ'.
ಕಾಗುಣಿತದ ಎರಡು ತಪ್ಪಿಗೆ ಕೆಂಪು ಸುತ್ತು ಹಾಕಿಸಿಕೊಂಡು
ವಾಪಸು ಬಂತು.

ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರದು ಬೂಟು.
ಅವರಿಗೂ ನಲ್ಲಿ ಏನೂ ಹೇಳಲಿಲ್ಲ.
ರಿಜಿಸ್ಟರಿನಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದು
ಹುಲಿಗೆಮ್ಮನ ತಲೆ ಸವರಿದರು:
'ಸುಳ್ಳು ಹೇಳಬಾರದು ಪುಟ್ಟಿ.'
ಸವರಿದ್ದು ಹೊಡೆದದ್ದಕ್ಕಿಂತ ಉರಿಯಿತಂತೆ.

ಅವಳಪ್ಪ ಹೆಸರಘಟ್ಟ ರೋಡಿನ ಬಿಲ್ಡಿಂಗಿನಲ್ಲಿ
ಸೆಂಟ್ರಿಂಗ್ ಕೆಲಸದವನು.
ರಾತ್ರಿ ದೀಪ ಆರಿದ ಮೇಲೆ ಅವಳು ಅಂದಳು,
'ನೆಲ ಹಸಿ ಇರಬೇಕು, ಕಾಲಾಗ ಏನೂ ಇರಬಾರದು.
ಅವಾಗಷ್ಟೇ ಅದು ಮಾತಾಡ್ತದ. ಅಪ್ಪ ಹೇಳ್ಯಾನ.'

ಬೆಳಗ್ಗೆ ಮೂರನೇ ನಲ್ಲಿಗೆ ಅವಳ ಜಡೆಯ ಕೆಂಪು ರಿಬ್ಬನ್ನು.
ಮೇಡಂ ಬಿಚ್ಚಿದರು. ನನ್ನದು ಕಟ್ಟಿದೆ.
ಬಿಚ್ಚಿದರು. ಮೆಹಜಬೀನಳದು.
ಐದನೇ ಕ್ಲಾಸಿನ ಚಿಕ್ಕವರು ಮುಟ್ಟದಂತೆ
ಪಾಳಿಯ ಮೇಲೆ ಕಾಯುತ್ತೇವೆ, ಹಲ್ಲುಜ್ಜುತ್ತಾ.
ಈಗ ಅರ್ಧ ಹಾಸ್ಟೆಲ್ಲು ಒಂದೇ ರಿಬ್ಬನ್ನಿನಲ್ಲಿ ಸ್ಕೂಲಿಗೆ ಹೋಗುತ್ತದೆ,
ಪ್ರೇಯರಿನಲ್ಲಿ ಹೊರಗೆ ನಿಲ್ಲುತ್ತದೆ.
ಕಾರಣ ಕೇಳುತ್ತಾರೆ. ಹೇಳುತ್ತೇವೆ.
ಮತ್ತೆ ಕಾರಣ ಕೇಳುತ್ತಾರೆ.

ಮೇಡಂ,
ಗುಡಿಯ ಮೆಟ್ಟಿಲಲ್ಲಿ ಯಾರೂ ಹೇಳದೆ ಬಿಡುತ್ತೀರಲ್ಲ,
ಹಾಗೇ ಒಂದು ನಿಮಿಷ ಚಪ್ಪಲಿ ಬಿಡಿ,
ಇಲ್ಲಿ, ಸೋಪಿನ ನೀರು ನಿಂತ ಕಲ್ಲಿನ ಮೇಲೆ.
ನಲ್ಲಿ ಮುಟ್ಟುವುದೇನೂ ಬೇಡ.
ಬರಿಗಾಲಲ್ಲಿ ನಿಂತು, ಕೈ ಚಾಚಿ,
ಮುಟ್ಟಲೋ ಬೇಡವೋ ಅಂತ
ಒಂದು ಗಳಿಗೆ ಹೆದರಿ.
ಸಾಕು.