ಮೂರನೆಯ ತಂತಿಯ ಗುಂಡಿ

ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಕರ್ಪೂರ.
ಹಳೆಯ ಸೆಲ್ಯುಲಾಯ್ಡ್ ಸಾಯುವುದು ಹೀಗೆ:
ವರ್ಷಾನುಗಟ್ಟಲೆ ಒಳಗೊಳಗೇ ಉಸಿರು ಬಿಟ್ಟು,
ತಾನು ಪುಡಿಯಾಗುವ ಮೊದಲು
ಪಕ್ಕದ ಹಿತ್ತಾಳೆಗೂ ಹಸಿರು ಹಿಡಿಸಿ.

ಕಾರ್ಲಿಸ್ ಸ್ಟಾಂಪರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ,
ಆಸ್ಪತ್ರೆಗೆ ಯಾರನ್ನೋ ಸೇರಿಸಲು ಬಂದವನಂತೆ.
'ಅಪ್ಪನದು. ಮೂವತ್ತೇಳರದ್ದು.
ಅಂಚೆಯಲ್ಲಿ ತರಿಸಿದ್ದು, ಹದಿಮೂರು ಡಾಲರಿಗೆ, ಅದೂ ಕಂತಿನಲ್ಲಿ.
ಬಿರಡೆಗಳೂ ಮೂವತ್ತೇಳರವೇ ಆಗಬೇಕು.
ಹೊಳೆಯುವಂಥವು ಬೇಡ.'

ವರ್ಜೀನಿಯಾದ ಈ ಬೆಟ್ಟದೂರಿನಲ್ಲಿ
ನನ್ನ ಅಂಗಡಿ ಮೊದಲು ಕ್ಷೌರದಂಗಡಿ.
ಕತ್ತರಿಗಳಿದ್ದ ಖಾನೆಗಳಲ್ಲಿ ಈಗ ಬಿರಡೆಗಳು, ದಶಕದ ಪ್ರಕಾರ.
ಕೆಲವು ತೀರಿಕೊಂಡ ಗಿಟಾರುಗಳವು,
ಕೆಲವು ಮೊನ್ನೆ ಹುಟ್ಟಿ ಮುದುಕರ ವೇಷ ಹಾಕಿದವು:
ಆಮ್ಲದ ಹಬೆ ಕುಡಿದು ಕಪ್ಪಿಟ್ಟ ನಿಕ್ಕಲ್,
ಚಹಾ ಬಣ್ಣದ ಪ್ಲಾಸ್ಟಿಕ್ ಗುಂಡಿ.
ವೇಷವೆಂದು ಜರೆಯುವವಳಲ್ಲ ನಾನು.
ಹಲ್ಲು ಸರಿಯಾಗಿ ಕಚ್ಚಿದರೆ ಸಾಕು.

ಆರೂ ಕಿವಿ ಹಿಂಡಿ ನೋಡಿದೆ.
ಎರಡು ಬರಿದೇ ತಿರುಗಿದವು. ಒಂದು ಕಿರುಚಿತು.
ಒಂದು ಬೆರಳಿನಲ್ಲೇ ಉದುರಿತು, ಹಳೆಯ ಬೆಲ್ಲದ ಹಾಗೆ.
ತಿರುಪು ಬಿಚ್ಚಿ ಪಟ್ಟಿ ಎತ್ತಿದಾಗ
ಅಡಿಯಲ್ಲಿ ಬಿಸಿಲು ಕಾಣದ ಮರ,
ಉಂಗುರ ಕಳಚಿದ ಬೆರಳು.
ಪಟ್ಟಿಯ ತುದಿ ಚೌಕವಿತ್ತೋ, ಹಾವಿನ ಹೆಡೆಯಂತಿತ್ತೋ,
ಆ ಗುರುತೇ ಹೇಳುತ್ತದೆ; ಕ್ಯಾಟಲಾಗು ಬೇಡ.

ಚೌಕ. ಸರಿ.
ಗೂಟದಿಂದ ಗೂಟಕ್ಕೆ ಮೂವತ್ತೈದು ಮಿಲಿಮೀಟರ್
ಅನ್ನುತ್ತದೆ ಹೊಸ ಪೊಟ್ಟಣ. ಇಲ್ಲಿ ಕೂದಲೆಳೆ ಜಾಸ್ತಿ.
ಮೊದಲ ಗೂಟ ಕೂರುತ್ತದೆ, ಎರಡನೆಯದು ಕೂರುತ್ತದೆ,
ಮೂರನೆಯದು ಮುನಿಸಿಕೊಳ್ಳುತ್ತದೆ.
ತೂತು ಕೊರೆದು ಹಿಗ್ಗಿಸಿದರೆ ಎರಡು ನಿಮಿಷದ ಕೆಲಸ.
ಮರಕ್ಕೆ ಮಾಡಿದ್ದನ್ನು ಮರ ಮರೆಯುವುದಿಲ್ಲ.
ಕೆಳಗಿನ ಖಾನೆಗೆ ಕೈ ಹಾಕಿದೆ.

ಅಲ್ಲೊಂದು ಜೋಡಿ, ನೋಡಲು ರಾಜಕಳೆ,
ಆದರೆ ಸುರುಳಿ ಮೇಲೆ, ಚಕ್ರ ಕೆಳಗೆ: ಇನ್ನೂ ಹಿಂದಿನ ಕಾಲದ್ದು.
ಇದಕ್ಕೆ ಹಾಕಿದರೆ ತಿರುವುಮುರುವು.
ತಂತಿ ಎಳೆದಾಗ ಚಕ್ರ ಸುರುಳಿಯನ್ನು ಅಪ್ಪಬೇಕು;
ದೂಡಿದರೆ ಎರಡು ಹಾಡಿನೊಳಗೆ ಶ್ರುತಿ ಕೈಬಿಡುತ್ತದೆ.
ವಾಪಸು ಇಟ್ಟೆ, ಸ್ವಲ್ಪ ಹೊಟ್ಟೆಯುರಿದು.
ಸರಿಯಾದದ್ದು ಸಿಕ್ಕಿತು ಕೊನೆಗೆ ಒಂದು ಪತ್ರಿಕೆಯ ಚೂರಿನಲ್ಲಿ,
ಮೇಕೆ ಮಾರಾಟಕ್ಕಿದೆ ಎಂಬ ಜಾಹೀರಾತಿನ ಸಮೇತ.

ಇಷ್ಟು ಹೊತ್ತೂ ಕೇಳದೆ ಉಳಿಸಿದ್ದೆ:
'ಮೂರನೆಯ ತಂತಿಗೆ ಇದೇನು?'
ಕಪ್ಪು, ಗುಂಡಗೆ, ಅಂಚಿಗೆಲ್ಲ ಗೀರು,
ಸದ್ದಿನ ಮಟ್ಟ ತೋರಿಸಲು ಒಂದು ಬಿಳಿ ಚುಕ್ಕೆ.
'ಅಮ್ಮ ಹಾಕಿದ್ದು. ರೇಡಿಯೋದ್ದು. ನಾನು ಎರಡನೇ ಕ್ಲಾಸು.
ಆಮೇಲೆ ರೇಡಿಯೋದ ಕಿವಿಯನ್ನು
ಇಕ್ಕಳದಲ್ಲಿ ಹಿಂಡುತ್ತಿದ್ದೆವು.
ತೆಗೆದುಬಿಡಿ. ಅದು ಸರಿಯಲ್ಲ.'

ಸರಿಯಲ್ಲ, ನಿಜ.
ಸುಮ್ಮನೆ ಲೆಕ್ಕ ಹಾಕಿದೆ:
ಹುಟ್ಟಾ ಬಂದ ಗುಂಡಿ ಅಲ್ಲಿದ್ದದ್ದು ಹದಿನೈದು ವರ್ಷ,
ಈ ಕಪ್ಪಿನದು ಎಪ್ಪತ್ತು.
ಹೇಳಲಿಲ್ಲ. ನನ್ನ ಕೆಲಸ ಹಲ್ಲುಗಳದ್ದು.

ಸಂಜೆಗೆ ಆರೂ ಹಾಲುಬಿಳಿ.
ತಂತಿ ಏರಿಸಿ ಅವನ ತೊಡೆಯ ಮೇಲಿಟ್ಟೆ.
ಕಣ್ಣು ಮುಚ್ಚಿ ಎಡಗೈ ಮೇಲೆ ಒಯ್ದ.
ಮೊದಲನೆಯದು. ಎರಡನೆಯದು.
ಮೂರನೆಯದರಲ್ಲಿ ಕೈ ತಡವರಿಸಿತು,
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟ ಹಾಗೆ.

'ಅದನ್ನು ಈ ಕಡ್ಡಿಗೆ ಕೂರಿಸಬಹುದಾ?'
'ತೂತು ದೊಡ್ಡದಾಗಬೇಕು. ಬೇಕಲೈಟು. ಒಡೆಯಬಹುದು.'
'ಒಡೆದರೆ?'
'ಒಡೆದರೆ ಒಡೆದದ್ದೇ.'

ಕ್ಷೌರದ ಕುರ್ಚಿಯಲ್ಲಿ ಕೂತ, ಕನ್ನಡಿಗೆ ಬೆನ್ನು ಮಾಡಿ.
ಮೋಟಾರು ಹಚ್ಚಲಿಲ್ಲ; ಕೊರೆಮುಳ್ಳನ್ನು ಕೈಯಲ್ಲೇ ತಿರುವಿದೆ.
ಕಪ್ಪು ಪುಡಿ ಉದುರತೊಡಗಿತು,
ಫಿನಾಯಿಲಿನಂಥ ವಾಸನೆ.
ಅರ್ಧಕ್ಕೆ ಬಂದಾಗ ಏನೋ ಟಿಕ್ ಎಂದಿತು.
ಇಬ್ಬರೂ ಕದಲಲಿಲ್ಲ.
ಗೋಡೆಯ ಗಡಿಯಾರವಿರಬೇಕು.