ಏಳನೇ ಕಲಮು

ಏಳು ಜನ, ಎರಡು ಥರ್ಮಾಸು, ಒಂದು ಕೆಟ್ಟ ಹೀಟರು.
ಅಗ್ನಿಶಾಮಕ ದಳದವರ ಹಳೇ ಕೋಣೆ, ಗಂಟೆಯ ಬಾಡಿಗೆಗೆ.
ಜನವರಿ. ಕಿಟಕಿಯಾಚೆ ಲುಸಾಟಿಯದ ಬಯಲು,
ಬಯಲ ನಡುವೆ ಆ ಹಳ್ಳ:
ಕಂದು ಕಲ್ಲಿದ್ದಲಿಗೆಂದು ತೋಡುತ್ತ ತೋಡುತ್ತ
ಮೂರು ಊರು, ಎರಡು ಇಗರ್ಜಿ,
ಹೊಳೆಯದೊಂದು ತಿರುವನ್ನೂ ನುಂಗಿ
ಇನ್ನೂ ಬಾಯಿ ಮುಚ್ಚದ್ದು.

ನಾನು ಲೆಯ್ನಾ ಶೋಲ್ಚಿತ್ಸ್, ಕಾರ್ಯದರ್ಶಿ,
ಅಂದರೆ ಬರೆದುಕೊಳ್ಳುವವಳು.
ಈ ಸೀಮೆಯಲ್ಲಿ ನಮ್ಮ ಹಸಿರು ಪಕ್ಷ ಎಷ್ಟು ಸಣ್ಣದೆಂದರೆ
ಒಡೆದು ಎರಡಾಗಲಿಕ್ಕೂ ಜನ ಸಾಲದು.

ಪ್ರಣಾಳಿಕೆಯ ಸಂಜೆ. ಆರು ಕಲಮು ಸಲೀಸು:
ಕಾಡು, ನೀರು, ಗಾಳಿಯಂತ್ರ, ತೋಳಗಳಿಗೆ ದಾರಿ,
ಶಾಲೆಯಲ್ಲಿ ನಮ್ಮ ಸೋರ್ಬ್ ನುಡಿ,
ಹೆರಿಗೆ ವಾರ್ಡಿಗೆ ಬೀಗ ಬೀಳಬಾರದು.
ಏಳನೆಯದು, ಕಲ್ಲಿದ್ದಲಿಗೆ ವಿದಾಯ.
ಅಲ್ಲಿ ಹೂತುಕೊಂಡಿತು ಗಾಡಿ.

ಗಣಿತದ ಮೇಷ್ಟ್ರು ಹೈನೋಗೆ ಇಸವಿ ಬೇಕು.
ದಾದಿ ಹಾಂಝಾ, ಇಸವಿ ಆಮೇಲೆ, ಮೊದಲು ಉಸಿರು ಅಂದವಳೇ
ತನ್ನ ವಾರ್ಡಿನ ಕೆಮ್ಮುಗಳನ್ನು ಹೆಸರು ಹಿಡಿದು ಕರೆದಳು.
ಜೇನು ಸಾಕುವ ಕಿಟೋ ಏನೂ ಅನ್ನಲಿಲ್ಲ.
ಅವನ ಸೀನು ಮಾತ್ರ ಸಭೆಯ ನಡಾವಳಿಯಲ್ಲಿದೆ.

ಹೀಟರಿನ ಹಿಂದೆ ಒಂದು ಬೆನ್ನು.
ರಿಪೇರಿಗೆ ಬಂದ ಮೆರ್ಚಿನ್.
ಮೂವತ್ತೊಂದು ವರ್ಷ ಅಗೆಯುವ ಯಂತ್ರ ನಡೆಸಿದವನು,
ಒಂದು ಮಂಗಳವಾರ ಅಜ್ಜಿಯ ಪ್ಲಮ್ ಮರವನ್ನೂ ಅಗೆದವನು.
ಆವತ್ತಿನ ಪಾಳಿ ಅವನದಿತ್ತು, ಅಷ್ಟೆ.

ತಿರುಗದೆಯೇ ಅಂದ:
"ಮುಚ್ಚಿ, ನಾನು ಬೇಡ ಅನ್ನೋದಿಲ್ಲ.
ಒಂದು ಹೇಳಿ ಸಾಕು.
ಚಳಿ ಮೊದಲು ಹೊಗೋದು ಯಾರ ಮನೆಗೆ?"

ಕೈ ಕೆಸರಾದರೆ ಬಾಯಿ ಮೊಸರು. ಸರಿ.
ಕೈ ಮಸಿಯಾದವರ ಬಾಯಿಗೆ ಏನು ಬರೆದಿದ್ದೇವೆಂದು
ಹಾಳೆ ತಿರುವಿದೆ.
"ಮಾನವ ಸಂಪನ್ಮೂಲದ ಮರುಹೊಂದಾಣಿಕೆ" ಎಂದಿತ್ತು.
ಅಕ್ಷರ ನನ್ನದೇ.

ಬಡಿಸುವವ ನಮ್ಮವನಾದರೆ ಕಡೇ ಪಂಕ್ತಿಯಾದರೇನು?
ಎಲ್ಲ ಪಕ್ಷಗಳ ಒಳಗುಟ್ಟು ಇದು; ಸೌಟು ಹಿಡಿದವರ ನೆಂಟಸ್ತಿಕೆ.
ಬಡಿಸುವವ ಯಾರವನೂ ಅಲ್ಲದಾಗ
ಕಡೇ ಪಂಕ್ತಿಯ ತಟ್ಟೆಗೆ ಬೀಳುವುದಲ್ಲ,
ಅದನ್ನು ನ್ಯಾಯ ಅನ್ನೋಣ.
ಪಾತ್ರೆಯ ತಳ ನಾಳೆಗೂ ಒಣಗದಿದ್ದರೆ
ಅದಕ್ಕೆ ಬೇರೆ ಹೆಸರು ಯಾಕೆ, ಅದೂ ಅದೇ.

ಹೊಡೆದು ಹಾಕಿ ಮತ್ತೆ ಬರೆದೆವು:
ಗಣಿ ಮುಚ್ಚುವ ಮೊದಲು ಬಸ್ಸು ಬರಬೇಕು.
ಕೊನೆಯ ಪಾಳಿಗಿಂತ ಮುಂಚೆ ಹೊಸ ಕೆಲಸದ ಮೊದಲ ದಿನ.
ಗಾಳಿಯಂತ್ರದ ನೆರಳು ಯಾರ ಅಂಗಳದಲ್ಲಿ ತಿರುಗುತ್ತದೋ
ಕರೆಂಟಿನ ಬಿಲ್ಲು ಮೊದಲು ಅವರದು ಇಳಿಯಬೇಕು.
ಹಳ್ಳಕ್ಕೆ ನೀರು ತುಂಬಿ ಕೆರೆಯಾದ ದಿನ
ದಂಡೆ ಹೋಟೆಲಿನವರದಲ್ಲ;
ಈಜು ಬಾರದವರೂ ಸುಮ್ಮನೆ ಕೂರಬಹುದು.

ಅಷ್ಟರಲ್ಲಿ ಹೀಟರು ಗಂಟಲು ಸರಿಮಾಡಿಕೊಂಡಿತು.
ಕೊಳವೆಯಲ್ಲಿ ಬಿಸಿನೀರು ಗುಳುಗುಳು.
ಬಿಸಿ ಎಲ್ಲಿಂದ? ಅದೇ ಸ್ಥಾವರದಿಂದ. ಅದೇ ಕಂದು ಮಣ್ಣು.
ಏಳೂ ಜನ ಕೋಟು ಬಿಚ್ಚಿದೆವು.
ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಂದ ಮತ ಮೂವತ್ತೆಂಟು.
ನಾವು ಏಳು, ನಮ್ಮ ನಮ್ಮ ಮನೆಯವರು ಹನ್ನೊಂದು
(ಹೈನೋನ ಹೆಂಡತಿ ಸೇರಿಲ್ಲ, ಅವಳೇ ಹೇಳಿದಳು),
ಉಳಿದ ಇಪ್ಪತ್ತು ಯಾರೆಂದು
ಬ್ರೆಡ್ಡಿನಂಗಡಿಯ ಸಾಲಿನಲ್ಲಿ ನಿಂತು
ಈಗಲೂ ಬೆನ್ನುಗಳನ್ನು ನೋಡುತ್ತೇನೆ.

ಮಾರ್ಚಿಯಲ್ಲಿ ಮೆರ್ಚಿನನ ಬಿಲ್ಲು ಬಂತು.
ಅರವತ್ತನಾಲ್ಕು ಯೂರೋ. ಒಂದು ಸೆಂಟೂ ಬಿಟ್ಟಿಲ್ಲ.
ಕೆಳಗೆ ಪೆನ್ಸಿಲಿನಲ್ಲಿ:
"ಏಳನೇ ಕಲಮು, ಮೊದಲ ಸಾಲು.
ಬಸ್ಸು ಅಂದರೆ ಸಾಲದು.
ರಾತ್ರಿ ಪಾಳಿ ಬಿಡೋದು ಹತ್ತಕ್ಕೆ,
ಕೈ ತೊಳೆಯೋಕೆ ಹದಿನೈದು ನಿಮಿಷ.
ಬಸ್ಸು ಹತ್ತೂ ಇಪ್ಪತ್ತಕ್ಕೆ."

ತಿದ್ದಿದ್ದೇನೆ.