ಗಾಳಿಯ ಬಿಲ್ಲು

ಮಡಿಕೇರಿ ನಗರಸಭೆಯ ಪೌರಾಯುಕ್ತರಿಗೆ,
ಮಹದೇವಪೇಟೆಯ ಲಾಂಡ್ರಿ ಅಂಗಡಿಯಿಂದ
ಪಿ. ಕೆ. ವಿಲಾಸಿನಿ ಬರೆದುಕೊಳ್ಳುವ ಆಕ್ಷೇಪಣೆ.
ವಿಷಯ: ನೀರಿನ ದರ.

ನಿಮ್ಮ ಪ್ರಕಟಣೆ ಓದಿದೆ. ಪೂರ್ತಿ ಓದಿದೆ ಎನ್ನಲಾರೆ.
ಗೋಡೆಗೆ ಅಂಟಿಸಿದ್ದಿರಿ; ಕಕ್ಕಡದ ಮಳೆ ನನಗಿಂತ ಮುಂಚೆ ಓದಿ
ಅಂಕಿಗಳನ್ನೆಲ್ಲ ಕೆಳಗಿಳಿಸಿಬಿಟ್ಟಿತ್ತು.
ದರ ಇಳಿಸಿದ್ದು ಅದೊಂದೇ.
ಎಷ್ಟಕ್ಕೆ ಏರಿದೆಯೆಂದು ಪಕ್ಕದ ಪಾತ್ರೆಯಂಗಡಿಯ ಹಂಸಾಕ ಹೇಳಿದರು.
ಹೇಳುವ ಮುಂಚೆ ಕಟ್ಟನ್ ಚಾಯ ತರಿಸಿದರು,
ಕೂತೇ ಕೇಳಬೇಕಾದ ಸುದ್ದಿ ಎಂಬಂತೆ.

ಈಗ ಮೀಟರಿನ ವಿಚಾರ.
ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ ಮೂರೂವರೆಗೆ.
ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮು,
ಆಮೇಲೆ ಗಾಳಿ.
ಆ ಗಾಳಿಗೇ ಮೀಟರಿನ ಮುಳ್ಳು ಗಿರಗಿಟ್ಟಲೆಯಾಗಿ,
ನೀರು ಬರುವಷ್ಟರಲ್ಲಿ ಎರಡು ಕೊಡದ ದುಡ್ಡು ಖಾಲಿ.
ಹನ್ನೊಂದು ವರ್ಷದಿಂದ ಗಾಳಿಗೆ ಬಿಲ್ಲು ಕಟ್ಟುತ್ತಿದ್ದೇನೆ, ಸ್ವಾಮಿ.
ಈ ಊರಲ್ಲಿ ಪುಕ್ಕಟೆ ಸಿಗುವ ಬಿಲ್ಲು
ಮಳೆ ಹೊಳವಾದಾಗ ಕೋಟೆಯ ಹಿಂದೆ ಮೂಡುವುದೊಂದೇ,
ಅದೂ ಎಷ್ಟು ದಿನವೋ.

ನನ್ನದು ವಾಣಿಜ್ಯ ದರ. ಸರಿ, ಒಗೆಯುವುದು ನನ್ನ ಕಸುಬು.
ಗುಡ್ಡದ ಮೇಲಿನ ಎಂಟು ಕೋಣೆಯ ಹೋಂಸ್ಟೇಗೆ ಮಾತ್ರ ಮನೆ ದರ.
ಪ್ರತಿ ಸೋಮವಾರ ಆ ಮನೆಯಿಂದ
ಮೂವತ್ತೆರಡು ಬೆಡ್‌ಶೀಟು, ಅರವತ್ನಾಲ್ಕು ದಿಂಬಿನ ಕವರು
ನನ್ನಲ್ಲಿಗೆ ಬರುತ್ತವೆ;
ಇಷ್ಟು ಜನ ಮಲಗಿ ಏಳುವ ಸಂಸಾರ ನಾನಂತೂ ಕಂಡಿಲ್ಲ.
ಇದನ್ನು ಬರೆಯಬಾರದಿತ್ತು. ಅವರು ನನ್ನ ದೊಡ್ಡ ಗಿರಾಕಿ,
ಅವರ ಹಾಸಿಗೆಯ ಮೇಲೆ ನನ್ನ ಅನ್ನ.
ಹೊಡೆದು ಹಾಕೋಣವೆಂದು ಪೆನ್ನು ಎತ್ತಿದೆ.
ಇರಲಿ. ಹೆಸರು ಬರೆದಿಲ್ಲವಲ್ಲ.

ಬಜೆಟ್ಟಿನ ದಿನ ನಾನೂ ಬಂದಿದ್ದೆ. ಕೊನೆಯ ಬೆಂಚು.
ನೂರು ಕೊಡದಲ್ಲಿ ನಲವತ್ತು ದಾರಿಯಲ್ಲೇ ಸೋರುತ್ತದೆಂದು
ಎಂಜಿನಿಯರು ಓದಿದರು.
ಯಾರೂ ತಲೆ ಎತ್ತಲಿಲ್ಲ, ಗೋಡಂಬಿಯ ತಟ್ಟೆ ಬಂದಿತ್ತು.
ನನ್ನ ಇಸ್ತ್ರಿ ಪೆಟ್ಟಿಗೆಯಲ್ಲಿ ಒಂದು ಅಂಗಿ ಸುಟ್ಟರೆ
ಅದರ ಬೆಲೆಯನ್ನು ಉಳಿದ ಅಂಗಿಗಳವರಿಗೆ ಹಂಚುವ ಉಪಾಯ
ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ವಾಲ್ವು ತಿರುಗಿಸುವ ಪಳಂಗಪ್ಪನಿಗೆ ನಾಲ್ಕು ತಿಂಗಳಿಂದ ಸಂಬಳವಿಲ್ಲ.
ಕತ್ತಲಲ್ಲಿ, ಜಿಗಣೆ ಕಚ್ಚಿದ ಕಾಲಲ್ಲಿ,
ಆಳುದ್ದದ ಕಬ್ಬಿಣದ ಕೀಲಿ ಹೊತ್ತು ಏರು ಹತ್ತಿ ಬರುತ್ತಾನೆ.
ಕೇಳಿದರೆ ಗುತ್ತಿಗೆದಾರ ನಗರಸಭೆಯತ್ತ ಕೈ ತೋರಿಸುತ್ತಾನಂತೆ,
ನಗರಸಭೆ ಬೆಂಗಳೂರಿನತ್ತ,
ಬೆಂಗಳೂರು ಎತ್ತ ತೋರಿಸುತ್ತದೋ
ಮಂಜಿನಲ್ಲಿ ನಮಗೆ ಕಾಣುವುದಿಲ್ಲ.
ಅವನ ಖಾಕಿ ಅಂಗಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.
ಅದು ನಗರಸಭೆಗೆ ನನ್ನ ಅನುದಾನ.
ಬಜೆಟ್ಟಿನಲ್ಲಿ ತೋರಿಸಿಕೊಳ್ಳಿ.

ಏರಿಸಬೇಡಿ ಎಂದು ನಾನು ಎಲ್ಲೂ ಬರೆದಿಲ್ಲ, ಗಮನಿಸಿ.
ಕರೆಂಟು ಏರಿತು, ಇದ್ದಿಲು ಏರಿತು,
ಒಣಗದ ಬಟ್ಟೆಗೆ ಕೆಂಡದ ಬುಟ್ಟಿ ಹೂಡಿ ಹೂಡಿ
ನಾನೂ ಅಂಗಿಗೆ ಎರಡು ರೂಪಾಯಿ ಏರಿಸಿದೆ.
ಮಾರನೇ ದಿನ ಒಬ್ಬೊಬ್ಬ ಗಿರಾಕಿಯ ಮುಖವನ್ನೂ ನೋಡಿ
ಯಾಕೆಂದು ಹೇಳಬೇಕಾಯಿತು.
ಶಾಲೆಯ ಜವಾನ ಒಬ್ಬ ಈಗಲೂ ಮಾತಾಡುವುದಿಲ್ಲ.
ನಿಮಗೆ ಆ ಕಷ್ಟವಿಲ್ಲ, ಗೋಡೆ ಇದೆ, ಗೋಂದು ಇದೆ.

ಒಮ್ಮೆ ಮೂರೂವರೆಗೆ ಬನ್ನಿ.
ಕೊಡ ಹಿಡಿಯುವುದು ಬೇಡ, ಕುರ್ಚಿ ಹಾಕಿಸುತ್ತೇನೆ.
ನಲ್ಲಿ ಕೆಮ್ಮುವುದನ್ನು ಕೇಳಿಕೊಂಡು ಹೋಗಿ, ಅಷ್ಟೇ.

ಇಂತಿ, ಕಂದಾಯ ಬಾಕಿ ಇಲ್ಲದ
ವಿಲಾಸಿನಿ.

*

ಟಪಾಲಿನ ಕಿಟಕಿಯ ಹುಡುಗಿ ಎರಡೂ ಪ್ರತಿಗೆ ಠಸ್ಸೆ ಒತ್ತಿದಳು.
ಒಂದನ್ನು ಹಿಂದಕ್ಕೆ ಕೊಡುತ್ತ, ಆಚೀಚೆ ನೋಡಿ,
ದನಿ ತಗ್ಗಿಸಿ ಕೇಳಿದಳು:
ಅಕ್ಕಾ, ನಿಮ್ಮ ಬೀದಿಯಲ್ಲಿ ನಾಳೆ ನೀರುಂಟಾ?